ಹತ್ತಿರದ ಶಾಲೆ ಉಳಿದರಷ್ಟೇ ಆಯ್ಕೆಗೆ ಅರ್ಥ

ಎಲ್‌ಕೆಜಿಯಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಕೆ, ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮ, ಪ್ರಯೋಗಾಲಯ, ಆಟದ ಮೈದಾನ. ಕರ್ನಾಟಕ ಪಬ್ಲಿಕ್ ಶಾಲೆಗಳು ಪಾಲಕರ ಮುಂದಿಟ್ಟಿರುವ ಭರವಸೆ ಇದು. 2025-26ರ ರಾಜ್ಯ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ 500 ಹೊಸ ಶಾಲೆಗಳನ್ನು ಘೋಷಿಸಲಾಯಿತು. ಸಾಲ ಮಾಡಿ ಖಾಸಗಿ ಶಾಲೆಯ ಶುಲ್ಕ ಕಟ್ಟುತ್ತಿರುವ ಸಾವಿರಾರು ಕುಟುಂಬಗಳಿಗೆ ಸರ್ಕಾರಿ ವ್ಯವಸ್ಥೆಯೊಳಗೇ ಒಳ್ಳೆಯ ಆಯ್ಕೆ ಸಿಗುವುದಾದರೆ ಅದನ್ನು ಮನಸಾರೆ ಸ್ವಾಗತಿಸಬೇಕು. ಸ್ವಾಗತಿಸುತ್ತಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ದೂರದ ದೊಡ್ಡ ಶಾಲೆ ಬೆಳೆಯುವಾಗ ಊರಿನ ಸಣ್ಣ ಶಾಲೆ ಕರಗಿದರೆ, ಆಯ್ಕೆಯ ಹಕ್ಕು ಪಾಲಕರ ಕೈತಪ್ಪಿ ಶಾಲೆಯ ಕೈಗೆ ಹೋಗುತ್ತದೆ.

‘ಮ್ಯಾಗ್ನೆಟ್ ಶಾಲೆ’ಯ ಹೆಸರಿನಲ್ಲಿ ಸುತ್ತಲಿನ ಶಾಲೆಗಳ ಮಕ್ಕಳನ್ನು ಇಂಥ ಪಬ್ಲಿಕ್ ಶಾಲೆಗೆ ಸೇರಿಸುವ ಪ್ರಸ್ತಾವ 2025ರಲ್ಲಿ ಸುದ್ದಿಯಾದಾಗ ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿತು. ಆ ಮಾತನ್ನು ನಂಬೋಣ. ಆದರೆ ಸರ್ಕಾರಿ ಶಾಲೆ ಬಾಗಿಲು ಹಾಕಲು ಆದೇಶವೇ ಬೇಕೆಂದಿಲ್ಲ. ನಿವೃತ್ತರಾದ ಶಿಕ್ಷಕರ ಜಾಗಕ್ಕೆ ಯಾರೂ ಬರುವುದಿಲ್ಲ. ಉಳಿದೊಬ್ಬರನ್ನು ಬೇರೆ ಶಾಲೆಗೆ ನಿಯೋಜನೆ ಮಾಡುತ್ತಾರೆ. ಅತಿಥಿ ಶಿಕ್ಷಕರ ನೇಮಕ ತಡವಾಗುತ್ತದೆ. ಐದು ತರಗತಿಗಳನ್ನು ಒಬ್ಬರೇ ನಡೆಸುವುದನ್ನು ಕಂಡ ಪಾಲಕರು ಟಿಸಿ ಕೇಳುತ್ತಾರೆ. ಎರಡು ಮೂರು ವರ್ಷದಲ್ಲಿ ಆ ಶಾಲೆ ‘ಶೂನ್ಯ ದಾಖಲಾತಿ’ ಪಟ್ಟಿಗೆ ಸೇರುತ್ತದೆ. ಆಗ ಕಡತದಲ್ಲಿ ಉಳಿಯುವುದು ಪಾಲಕರೇ ಬೇರೆ ಶಾಲೆ ಆರಿಸಿಕೊಂಡರು ಎಂಬ ಷರಾ. ಬೇರೆ ದಾರಿಯಿಲ್ಲದೆ ಹೊರಟವರನ್ನು ಆಯ್ಕೆ ಮಾಡಿಕೊಂಡವರು ಎಂದು ಎಣಿಸುವುದು ಅನ್ಯಾಯ.

ಈ ಅನ್ಯಾಯ ಕರ್ನಾಟಕದಲ್ಲಿ ಇಮ್ಮಡಿಯಾಗುವುದಕ್ಕೆ ಕಾರಣವಿದೆ. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದನ್ನು ನಿರ್ಧರಿಸುವವರು ಪಾಲಕರು ಎಂದು ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ದುಡ್ಡಿದ್ದವರಿಗೆ ಆ ಹಕ್ಕು ಅಂದೇ ಕೈಸೇರಿತು. ಇಲ್ಲದವರಿಗೆ ಇದ್ದ ದಾರಿ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಂ. ಅಂದರೆ ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ಹಂತದಲ್ಲಿ ಶೇ 25 ಸೀಟು. 2012-13ರಿಂದ ಜಾರಿಯಾದ ಈ ವ್ಯವಸ್ಥೆಯಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸೀಟುಗಳು ಲಭ್ಯವಾಗುವ ಹಂತ ಬಂದಿತ್ತು. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಬಿಟ್ಟುಕೊಡಬೇಕಿಲ್ಲ ಎಂದಾಯಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಪ್ರವೇಶ ಕೆಲವೇ ಸಾವಿರಕ್ಕೆ ಇಳಿಯಿತು.

ಆ ತಿದ್ದುಪಡಿ ನಿಂತಿರುವುದು ಒಂದೇ ಆಧಾರದ ಮೇಲೆ: ಮನೆಯ ಹತ್ತಿರ ಸರ್ಕಾರಿ ಶಾಲೆ ಇದೆ. ಈಗ ಆ ಹತ್ತಿರದ ಶಾಲೆಯೇ ಸೊರಗಿದರೆ ಬಡ ಮಗುವಿಗೆ ಖಾಸಗಿ ಶಾಲೆಯ ಬಾಗಿಲೂ ಇಲ್ಲ, ಊರಿನ ಶಾಲೆಯೂ ಇಲ್ಲ. ಎರಡು ನೀತಿಗಳನ್ನು ಎರಡು ಕಾಲದಲ್ಲಿ, ಎರಡು ಕಡತಗಳಲ್ಲಿ ರೂಪಿಸಿರಬಹುದು. ಅವೆರಡೂ ಬಂದು ಬೀಳುವುದು ಒಂದೇ ಮಗುವಿನ ಮೇಲೆ.

ಸಾರ್ವಜನಿಕ ಹಣದಿಂದಲೇ ಪಾಲಕರಿಗೆ ಆಯ್ಕೆ ಒದಗಿಸುವ ಪ್ರಯೋಗವನ್ನು ಅಮೆರಿಕ ಮೂರು ದಶಕಗಳಿಂದ ಮಾಡುತ್ತಿದೆ. ಚಾರ್ಟರ್ ಶಾಲೆಗಳಿಗೆ ಅವಕಾಶ ಕೊಡುವ ಮೊದಲ ಕಾನೂನು 1991ರಲ್ಲಿ ಮಿನೆಸೋಟ ರಾಜ್ಯದಲ್ಲಿ ಬಂತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಶುರುವಾಯಿತು. ಹಣ ಸರ್ಕಾರದ್ದು, ಶುಲ್ಕವಿಲ್ಲ, ಆಡಳಿತ ಸ್ವತಂತ್ರ ಮಂಡಳಿಯದು. ಇಂತಿಷ್ಟು ವರ್ಷಕ್ಕೆಂದು ಒಪ್ಪಂದ. ಮಕ್ಕಳು ಕಲಿಯದಿದ್ದರೆ ಒಪ್ಪಂದ ರದ್ದು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತಬೇಕು. ಇಂದು ಸುಮಾರು ಎಂಟು ಸಾವಿರ ಚಾರ್ಟರ್ ಶಾಲೆಗಳಲ್ಲಿ 37 ಲಕ್ಷದಷ್ಟು ಮಕ್ಕಳು ಓದುತ್ತಿದ್ದಾರೆ. ಬಾಸ್ಟನ್‌ನಲ್ಲಿ ಲಾಟರಿಯಲ್ಲಿ ಸೀಟು ಗೆದ್ದ ಮತ್ತು ಸೋತ ಮಕ್ಕಳನ್ನು ಹೋಲಿಸಿ ನೋಡಿದ ಸಂಶೋಧಕರಿಗೆ, ಗೆದ್ದ ಮಕ್ಕಳ, ಅದರಲ್ಲೂ ಬಡ ಕುಟುಂಬದ ಮಕ್ಕಳ ಕಲಿಕೆಯಲ್ಲಿ ದೊಡ್ಡ ಪ್ರಗತಿ ಕಂಡಿತು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ.

ನ್ಯೂ ಆರ್ಲಿಯನ್ಸ್ ಈ ಪ್ರಯೋಗದ ತುತ್ತತುದಿ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಆ ನಗರವನ್ನು ಮುಳುಗಿಸಿದ ಮೇಲೆ ಲೂಸಿಯಾನ ರಾಜ್ಯ ಅಲ್ಲಿನ ಬಹುತೇಕ ಶಾಲೆಗಳನ್ನು ವಶಕ್ಕೆ ತೆಗೆದುಕೊಂಡು ಒಂದೊಂದಾಗಿ ಚಾರ್ಟರ್ ಸಂಸ್ಥೆಗಳಿಗೆ ವಹಿಸಿತು. ಏಳು ಸಾವಿರಕ್ಕೂ ಹೆಚ್ಚು ಶಿಕ್ಷಕರು, ಸಿಬ್ಬಂದಿ ಕೆಲಸ ಕಳೆದುಕೊಂಡರು. ಪರೀಕ್ಷಾ ಫಲಿತಾಂಶ ಮತ್ತು ಹೈಸ್ಕೂಲು ಮುಗಿಸುವವರ ಪ್ರಮಾಣ ಏರಿದ್ದು ನಿಜ. ಅದರ ಜೊತೆಗೇ ವಾರ್ಡಿನ ಶಾಲೆ ಎಂಬುದು ಇಲ್ಲವಾಯಿತು. ಮಕ್ಕಳು ಬಸ್ಸಿನಲ್ಲಿ ಊರಿನ ಆಚೆ ತುದಿಗೆ ಓಡಾಡಬೇಕಾಯಿತು. ಅಲ್ಲಿನ 30 ಶಾಲೆಗಳ ಮುಖ್ಯಸ್ಥರನ್ನು ಮಾತನಾಡಿಸಿದ ಒಂದು ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಶಾಲೆಗಳು ತಮಗೆ ಬೇಕಾದ ಮಕ್ಕಳನ್ನು ಒಂದಲ್ಲ ಒಂದು ಬಗೆಯಲ್ಲಿ ಆರಿಸಿಕೊಳ್ಳುತ್ತಿದ್ದುದು ತಿಳಿದುಬಂತು. ಅಂಗವಿಕಲ ಮಕ್ಕಳಿಗೆ ಪ್ರವೇಶ ಮತ್ತು ನೆರವು ಸಿಗುತ್ತಿಲ್ಲವೆಂದು 2010ರಲ್ಲಿ ಮೊಕದ್ದಮೆಯೇ ನಡೆಯಿತು. ಬಹುತೇಕ ಶಾಲೆಗಳಿಗೆ ಒಂದೇ ಅರ್ಜಿ ಎಂಬ ವ್ಯವಸ್ಥೆ ಬಂದದ್ದು 2012ರಲ್ಲಿ, ಏಳು ವರ್ಷ ತಡವಾಗಿ. ಕೊನೆಗೆ 2024ರಲ್ಲಿ ಆ ನಗರದ ಚುನಾಯಿತ ಶಾಲಾ ಮಂಡಳಿ ತಾನೇ ನೇರವಾಗಿ ನಡೆಸುವ ಒಂದು ಶಾಲೆಯನ್ನು ಮತ್ತೆ ತೆರೆಯಿತು.

ಓಹಿಯೋ ರಾಜ್ಯದ ಪಾಠ ಇನ್ನೂ ಕಠಿಣ. ಸಾವಿರಾರು ಮಕ್ಕಳಿದ್ದ ಅಲ್ಲಿನ ಅತಿ ದೊಡ್ಡ ಆನ್‌ಲೈನ್ ಚಾರ್ಟರ್ ಶಾಲೆಯು ಕಲಿಯದ ಮಕ್ಕಳ ಲೆಕ್ಕಕ್ಕೂ ಹಣ ಪಡೆದದ್ದು ಬಯಲಾಯಿತು. 2018ರ ಜನವರಿಯಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ ಆ ಶಾಲೆ ಮುಚ್ಚಿತು. ಸುಮಾರು 12 ಸಾವಿರ ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು. ಆ ಹೊತ್ತಿನಲ್ಲಿ ಅವರನ್ನು ಕಾನೂನುಬದ್ಧವಾಗಿ ಸೇರಿಸಿಕೊಳ್ಳಲೇಬೇಕಿದ್ದುದು ಅವರವರ ಊರಿನ ಸಾಮಾನ್ಯ ಸರ್ಕಾರಿ ಶಾಲೆ. ಆಯ್ಕೆ ಕೈಕೊಟ್ಟಾಗ ಮಗುವಿಗೆ ಆಸರೆಯಾಗುವುದು ಆ ಶಾಲೆಯೇ.

ನಮ್ಮ ದೇಶದಲ್ಲೂ ಸೂಚನೆಗಳಿವೆ. ಉತ್ತರ ಪ್ರದೇಶ 2025ರ ಜೂನ್‌ನಲ್ಲಿ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗಳೊಂದಿಗೆ ಜೋಡಿಸಲು ಆದೇಶಿಸಿತು. ಪಾಲಕರು ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ಕಿಲೋಮೀಟರಿಗಿಂತ ದೂರವಿರುವ ಶಾಲೆಗಳನ್ನು ಜೋಡಿಸುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಬೇಕಾಯಿತು. ಈ ಕಿಲೋಮೀಟರಿನ ಲೆಕ್ಕ ಸುಮ್ಮನೆ ಬಂದದ್ದಲ್ಲ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಶಾಲೆ ಮೂರು ಕಿಲೋಮೀಟರ್ ಒಳಗೆ ಇರಬೇಕೆಂಬುದು ಶಿಕ್ಷಣ ಹಕ್ಕು ನಿಯಮಗಳು ಹಾಕಿಕೊಟ್ಟ ಅಳತೆ. ಒಂದು ಕಿಲೋಮೀಟರ್ ಎಂದರೆ ಆರು ವರ್ಷದ ಮಗು ತನ್ನ ಕಾಲಿನಿಂದ ನಡೆದು ಮುಟ್ಟಬಹುದಾದ ದೂರ.

ಮಲೆನಾಡಿನಲ್ಲಿ ಜೂನ್ ತಿಂಗಳು ಶಾಲೆ ತೆರೆಯುವ ಕಾಲ, ಹಳ್ಳ ತುಂಬುವ ಕಾಲವೂ ಹೌದು. ಕಾಲುಸಂಕ ದಾಟಿ ಹೋಗುವ ಮಗುವಿಗೆ ನಕ್ಷೆಯ ಮೂರು ಕಿಲೋಮೀಟರ್ ಎಷ್ಟಾಗುತ್ತದೆ ಎಂಬುದನ್ನು ಅದರ ತಾಯಿಯನ್ನೇ ಕೇಳಬೇಕು. ಕಲ್ಯಾಣ ಕರ್ನಾಟಕದ ತಾಂಡಾಗಳಿಂದ ಕುಟುಂಬಗಳು ದುಡಿಮೆಗೆ ವಲಸೆ ಹೋಗುತ್ತವೆ. ಅಜ್ಜಿಯ ಬಳಿ ಉಳಿದ ಮಗುವನ್ನು ಬಸ್ಸಿಗೆ ಹತ್ತಿಸುವವರು ಯಾರು? ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಗಿದೆ ನಿಜ. ಶಾಲೆಯ ಹೊತ್ತಿಗೆ ಊರಿಗೆ ಬಸ್ಸೇ ಬಾರದಿದ್ದರೆ ಆ ಉಚಿತ ಟಿಕೆಟ್ ಯಾವ ಬಾಲಕಿಯನ್ನೂ ಶಾಲೆಗೆ ತಲುಪಿಸದು. ದೂರ ಹೆಚ್ಚಾದಾಗ ಮೊದಲು ಶಾಲೆ ಬಿಡುವವರು ಬೆಳೆದ ಹೆಣ್ಣುಮಕ್ಕಳು, ಅಂಗವಿಕಲ ಮಕ್ಕಳು, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹಿರಿಯ ಮಕ್ಕಳು.

ಎಂಟು ಮಕ್ಕಳಿರುವ ಏಕೋಪಾಧ್ಯಾಯ ಶಾಲೆಯನ್ನು ಉಳಿಸಿಕೊಂಡು ಏನು ಸಾಧಿಸುತ್ತೀರಿ ಎಂದು ಅಧಿಕಾರಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಸಹಪಾಠಿಗಳಿಲ್ಲದೆ, ವಿಷಯ ಶಿಕ್ಷಕರಿಲ್ಲದೆ ಮಗು ಸೊರಗುವುದೂ ಅನ್ಯಾಯವೇ. ಊರವರೇ ಒಪ್ಪಿ, ವಾಹನವೂ ಬಂದು, ಮಕ್ಕಳು ಸುರಕ್ಷಿತವಾಗಿ ದೊಡ್ಡ ಶಾಲೆ ಸೇರುವುದಾದರೆ ಸೇರಲಿ. ಆದರೆ ಒಂದರಿಂದ ಮೂರನೇ ತರಗತಿಯವರೆಗಿನ ಪುಟ್ಟ ಮಕ್ಕಳ ಕಲಿಕೆ ಊರಲ್ಲೇ ಇರಲಿ. ನಲಿಕಲಿಯಂಥ ಬಹುತರಗತಿ ಪದ್ಧತಿಯನ್ನು ಮೂರು ದಶಕಗಳ ಹಿಂದೆ ಎಚ್.ಡಿ. ಕೋಟೆಯಲ್ಲಿ ರೂಪಿಸಿ ದೇಶದ ಗಮನ ಸೆಳೆದ ರಾಜ್ಯ ನಮ್ಮದು. ಸಣ್ಣ ಶಾಲೆಯನ್ನು ಚೆನ್ನಾಗಿ ನಡೆಸುವ ವಿದ್ಯೆ ನಮ್ಮ ಶಿಕ್ಷಕರಿಗೆ ಹೊಸತೇನಲ್ಲ.

ಹಾಗಾಗಿ ಮುಂದಿನ ದಾಖಲಾತಿ ಆಂದೋಲನಕ್ಕೆ ಮೊದಲೇ ಸರ್ಕಾರ ಐದು ಮಾತುಗಳನ್ನು ಆದೇಶದ ರೂಪದಲ್ಲಿ ಕೊಡಬೇಕು. ಒಂದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹಾಗೂ ಗ್ರಾಮಸಭೆಯ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಶಾಲೆಯನ್ನೂ ವಿಲೀನಗೊಳಿಸಕೂಡದು. ಹುದ್ದೆ ಖಾಲಿ ಬಿಟ್ಟು ಶಾಲೆಯನ್ನು ಬರಿದಾಗಿಸುವುದನ್ನೂ ವಿಲೀನವೆಂದೇ ಪರಿಗಣಿಸಬೇಕು. ಎರಡು, ಮೊದಲು ವಾಹನ ಓಡಬೇಕು, ಆಮೇಲೆ ಮಕ್ಕಳ ವರ್ಗಾವಣೆ. ಮೂರು, ಪಬ್ಲಿಕ್ ಶಾಲೆಗಳಲ್ಲಿ ಅರ್ಜಿ ಹೆಚ್ಚಾದರೆ ಎಲ್ಲರ ಮುಂದೆ ಲಾಟರಿ ಎತ್ತಬೇಕು. ಪ್ರವೇಶ ಪರೀಕ್ಷೆ, ಸಂದರ್ಶನ, ಶಿಫಾರಸು ಪತ್ರ ಯಾವುದೂ ಸಲ್ಲದು. ನಾಲ್ಕು, ಸ್ಥಳಾಂತರಗೊಂಡ ಪ್ರತಿ ಮಗುವೂ ಹೊಸ ಶಾಲೆಯಲ್ಲಿ ಹಾಜರಿದೆಯೇ ಎಂಬ ಲೆಕ್ಕವನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಪ್ರತಿ ತಿಂಗಳು ಪ್ರಕಟಿಸಬೇಕು. ಐದು, ನೆರೆಹೊರೆಯ ಸರ್ಕಾರಿ ಶಾಲೆ ಇಲ್ಲವಾದ ಕಡೆ ಆ ವರ್ಷವೇ ಅಲ್ಲಿನ ಖಾಸಗಿ ಶಾಲೆಯ ಶೇ 25 ಸೀಟುಗಳನ್ನು ಬಡ ಮಕ್ಕಳಿಗೆ ತೆರೆಯಬೇಕು. 2019ರ ನಿಯಮದ ತರ್ಕವೇ ಇದನ್ನು ಬೇಡುತ್ತದೆ.

ಪಾಲಕರಿಗೂ ಒಂದು ಮಾತು. ಮಗುವನ್ನು ದೂರದ ಒಳ್ಳೆಯ ಶಾಲೆಗೆ ಸೇರಿಸುವುದು ನಿಮ್ಮ ಹಕ್ಕು, ಅದಕ್ಕೆ ಯಾರೂ ನಿಮ್ಮನ್ನು ದೂರುವಂತಿಲ್ಲ. ಆದರೆ ನಿಮ್ಮೂರ ಶಾಲೆಯಲ್ಲಿ ಹುದ್ದೆಯೊಂದು ಖಾಲಿಯಾದ ದಿನವೇ ಎಸ್‌ಡಿಎಂಸಿ ಸಭೆ ಕರೆಯಿರಿ, ಬಿಇಒ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ದಾಖಲಾತಿ ಸೊನ್ನೆಗೆ ಇಳಿದ ಮೇಲೆ ಹೋರಾಡಿ ಶಾಲೆ ಮರಳಿ ಪಡೆಯುವುದು ಬಹಳ ಕಷ್ಟ. ಒಬ್ಬ ಶಿಕ್ಷಕರು ಕಡಿಮೆಯಾದಾಗಲೇ ಕೇಳಿದರೆ ಉಳಿಸಿಕೊಳ್ಳುವುದು ಸಾಧ್ಯ.