ಆರು ರನ್ನಿನ ಲೆಕ್ಕ

ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಆ ದಿನದ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಜಮೆಯನ್ನೂ ಖರ್ಚನ್ನೂ ಬೇರೆ ಬೇರೆ ಕೂಡಿದಾಗ ವ್ಯತ್ಯಾಸ ಬಂದರೆ ಏನು ಮಾಡಬೇಕೆಂದು ಹಿರಿಯ ಗುಮಾಸ್ತರು ನಮಗೆ ಎರಡು ಉಪಾಯ ಕಲಿಸಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ತಿರುಗಿಸಿ ಬರೆದಿರಬಹುದು, 54 ಇರುವಲ್ಲಿ 45 ಎಂದು. ಹಾಗೆ ಭಾಗವಾಗದಿದ್ದರೆ ಅದರ ಅರ್ಧ ಮಾಡಿ ಹುಡುಕಬೇಕು. ಆ ಮೊತ್ತ ಜಮೆಗೆ ಹೋಗುವ ಬದಲು ಖರ್ಚಿನ ಕಡೆಗೆ ಹೋಗಿರುತ್ತದೆ. ಆರು ರೂಪಾಯಿ ವ್ಯತ್ಯಾಸವಿದ್ದರೆ ಮೂರು ರೂಪಾಯಿಯ ನಮೂದು ಹುಡುಕು ಎಂದರ್ಥ. ಮಕ್ಕಳೇ, ಕಾಗದ ಪೆನ್ಸಿಲ್ ಹಿಡಿದು ನೀವೂ ಪರೀಕ್ಷಿಸಿ ನೋಡಿ.

ಈಗ ಈ ಆರರ ಮಾತು ಏಕೆ ಬಂತೆಂದರೆ, ಕಳೆದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡ ಜಗಳವಾಯಿತು. ಜಗಳ ಆಡಿದವರು ಮೂವರು ಮುದುಕರು. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಗೆಳೆಯ, ಕುಮಟೆಯ ನಿವೃತ್ತ ಮಾಸ್ತರರು, ಮತ್ತು ನಾನು. ಹೊನ್ನಾವರ ಇಬ್ಬರಿಗೂ ನಡುವಿನ ಊರಾದ್ದರಿಂದ ಸಭೆ ಯಾವಾಗಲೂ ನಮ್ಮಲ್ಲೇ. ಏಳನೇ ತರಗತಿಯ ಮೊಮ್ಮಗಳು ಚಹಾ ತಂದಿಟ್ಟು, "ಅಜ್ಜಾ, ನೀವು ಮೂರೂ ಜನ ನೋಡಿದ್ದರಲ್ಲಿ ಎಲ್ಲಕ್ಕಿಂತ ಎದೆ ಹೊಡೆದುಕೊಂಡ ಮ್ಯಾಚ್ ಯಾವುದು?" ಎಂದಳು. ಅಷ್ಟು ಸಾಕಾಯಿತು.

ಭಟ್ಕಳದ ಗೆಳೆಯ ಚಹಾ ಬಾಯಿಗಿಡುವ ಮೊದಲೇ, "ಅದರಲ್ಲಿ ಕೇಳುವುದೇನಿದೆ ಮಗಾ? 1974ರ ರಣಜಿ ಸೆಮಿಫೈನಲ್" ಎಂದ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ ನಮ್ಮ ತಂಡಕ್ಕೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಮುಂಬಯಿ. ಅದು ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ತಂಡ. ಬೆಂಗಳೂರಿನಲ್ಲಿ ಪಂದ್ಯ. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106; ನಮ್ಮದು 385 ಆಯಿತು. ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿದ್ದವರು ಫೈನಲ್‌ಗೆ ಹೋಗುತ್ತಾರೆ. ಹಾಗಾಗಿ ಎಲ್ಲವೂ ಮುಂಬಯಿಯ ಆ ಒಂದು ಇನ್ನಿಂಗ್ಸ್‌ನ ಮೇಲೆ ನಿಂತಿತ್ತು. ಪ್ರಸನ್ನ ಅವರು ಗಾವಸ್ಕರ್ ವಿಕೆಟ್ ಹಾರಿಸಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಕಾಲು ಜಾರಿ ರನ್ ಔಟ್ ಆದರು. ಮುಂಬಯಿ 307ಕ್ಕೆ ಮುಗಿಯಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ತಂದಿತು.

ನಾನಾಗ ಬಿ.ಕಾಂ. ಮುಗಿಸಿ ಕುಮಟೆಯಲ್ಲಿ ಹೊಸದಾಗಿ ಬ್ಯಾಂಕಿಗೆ ಸೇರಿದ್ದೆ. ಆ ಪಂದ್ಯದ ಒಂದು ಚೆಂಡನ್ನೂ ನಾವು ಕಣ್ಣಾರೆ ಕಂಡವರಲ್ಲ. ಸಂಜೆ ರೇಡಿಯೋದ ಪ್ರದೇಶ ಸಮಾಚಾರದಲ್ಲಿ ಒಂದೆರಡು ವಾಕ್ಯ ಬರುತ್ತಿತ್ತು. ಉಳಿದದ್ದಕ್ಕೆ ಮಾರನೆಯ ದಿನ ಘಟ್ಟ ಇಳಿದು ಬರುವ ಬಸ್ಸಿನಲ್ಲಿ ಪತ್ರಿಕೆ ಬರಬೇಕು. ವಾಡೇಕರ್ ಜಾರಿ ಬಿದ್ದದ್ದು ಕುಮಟೆಗೆ ತಿಳಿಯುವ ಹೊತ್ತಿಗೆ ಅವರು ಬೆಂಗಳೂರಿನಲ್ಲಿ ಒಂದು ನಿದ್ದೆ ಮುಗಿಸಿ ಎದ್ದಿದ್ದರು.

"ನೋಡದೇ ಇರುವ ಪಂದ್ಯಕ್ಕೆ ಅಷ್ಟು ಹೆದರಿಕೆಯಾ?" ಎಂದು ಮೊಮ್ಮಗಳು ನಕ್ಕಳು.

"ನೋಡದೇ ಇದ್ದದ್ದಕ್ಕೇ ಹೆದರಿಕೆ" ಎಂದ ಗೆಳೆಯ. "ನಿನಗೆ ಒಂದು ಚೆಂಡಿಗೂ ಇನ್ನೊಂದು ಚೆಂಡಿಗೂ ನಡುವೆ ಅರ್ಧ ನಿಮಿಷ. ನಮಗೆ ಇಡೀ ಒಂದು ರಾತ್ರಿ."

ಮಾಸ್ತರರು ಇದನ್ನು ಒಪ್ಪಲಿಲ್ಲ. "ಗೆದ್ದ ಪಂದ್ಯದ ಹೆದರಿಕೆ ಬೇಗ ಮರೆತುಹೋಗುತ್ತದೆ ಮಾರಾಯ್ರೇ. ಮರೆಯದ್ದು ಮೈಸೂರು" ಎಂದರು.

ಅದು 2010ರ ಜನವರಿಯ ರಣಜಿ ಫೈನಲ್. ಮಾಸ್ತರರು ಮೈಸೂರಿನಲ್ಲಿ ಮಗಳ ಮನೆಗೆ ಹೋದವರು ದಿನವೂ ಮಾನಸಗಂಗೋತ್ರಿಯ ಮೈದಾನದಲ್ಲೇ ಇದ್ದರು. ಮತ್ತೆ ಮುಂಬಯಿಯೇ ಎದುರಾಳಿ. ಗೆಲ್ಲಲು 338 ರನ್ ಬೇಕು. ಬೇಗನೆ ಮೂರು ವಿಕೆಟ್ ಬಿದ್ದ ಮೇಲೆ ಮನೀಶ್ ಪಾಂಡೆ, ಗಣೇಶ್ ಸತೀಶ್ ಇಬ್ಬರೂ ಸೇರಿ ಇನ್ನೂರಕ್ಕೂ ಹೆಚ್ಚು ರನ್ ಕೂಡಿಸಿದರು. ಮಾಸ್ತರರು ಮೊಬೈಲಿನಲ್ಲಿ ನನಗೂ ಭಟ್ಕಳಕ್ಕೂ ಸರದಿಯ ಮೇಲೆ ವರದಿ ಒಪ್ಪಿಸುತ್ತಿದ್ದರು. ಪಾಂಡೆ 144ಕ್ಕೆ, ಸತೀಶ್ 75ಕ್ಕೆ ಹೋದರು. ಅಗರ್ಕರ್ ಐದು ವಿಕೆಟ್ ಕಿತ್ತರು. ಆಮೇಲೆ ಫೋನ್ ಬರಲಿಲ್ಲ. ನಾನೇ ಮಾಡಿದಾಗ ಮಾಸ್ತರರು, "331, ಎಲ್ಲರೂ ಔಟ್" ಎಂದು ಇಟ್ಟುಬಿಟ್ಟರು. ಆರು ರನ್ನಿನ ಸೋಲು. ಅಂದು ಸಂಕ್ರಾಂತಿ. ಪಕ್ಕದ ಮನೆಯವರು ಸಂಕ್ರಾಂತಿ ಕಾಳು ಕೊಟ್ಟು ಒಳ್ಳೆಯ ಮಾತಾಡಿ ಎಂದರು. ನನಗೆ ಯಾವ ಮಾತೂ ಬರಲಿಲ್ಲ.

ಮಾರನೆಯ ದಿನ ಪತ್ರಿಕೆಯ ಸ್ಕೋರ್ ಕಾರ್ಡ್ ಮುಂದಿಟ್ಟುಕೊಂಡು ನಾಲ್ಕೂ ಇನ್ನಿಂಗ್ಸ್ ಕೂಡಿದೆ. ನೋಬಾಲ್, ಲೆಗ್ ಬೈ ಒಂದನ್ನೂ ಬಿಡಲಿಲ್ಲ. ಎಲ್ಲಿಯಾದರೂ ಮೂರು ರನ್ ತಪ್ಪು ಕಡೆಗೆ ಹೋಗಿದೆಯೇ ಎಂದು ಹುಡುಕಿದೆ. ಹೆಂಡತಿ, "ಬ್ಯಾಂಕಿನದ್ದು ಸಾಲದೇ?" ಎಂದಳು. ಲೆಕ್ಕ ಸರಿಯಾಗಿತ್ತು. ನಾವು ಸೋತದ್ದೂ ಸರಿಯಾಗಿಯೇ ಇತ್ತು.

ಅದಕ್ಕೂ ಎಂಟು ತಿಂಗಳ ಹಿಂದೆ, 2009ರ ಮೇ ತಿಂಗಳಲ್ಲಿ, ಜೊಹಾನ್ಸ್‌ಬರ್ಗ್‌ನ ಐಪಿಎಲ್ ಫೈನಲ್‌ನಲ್ಲಿ ನಮ್ಮ ರಾಯಲ್ ಚಾಲೆಂಜರ್ಸ್ ತಂಡ ಡೆಕ್ಕನ್ ಚಾರ್ಜರ್ಸ್ ಎದುರು ಸೋತಿತ್ತು. ಅದೂ ಆರೇ ರನ್ನಿನಿಂದ. ಅನಿಲ್ ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಔಟ್ ಮಾಡಿ, 16 ರನ್ನಿಗೆ ನಾಲ್ಕು ವಿಕೆಟ್ ಪಡೆದಿದ್ದರು. ಸೋತ ತಂಡದ ನಾಯಕನಿಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ಮೊಮ್ಮಗಳು ತನ್ನ ಪಂದ್ಯ ಹೇಳಿದಳು. 2025ರ ಜೂನ್ 3, ಅಹಮದಾಬಾದ್. ರಾಯಲ್ ಚಾಲೆಂಜರ್ಸ್ 190, ಪಂಜಾಬ್ 184. ಹದಿನೆಂಟನೇ ವರ್ಷಕ್ಕೆ ಕಪ್. ಅಂತರ ಮತ್ತೆ ಆರು ರನ್! ಆದರೆ ಈ ಸಲ ನಮ್ಮ ಕಡೆಗೆ.

"ಆ ತಂಡದಲ್ಲಿ ನಮ್ಮ ರಾಜ್ಯದವರು ಎಷ್ಟು ಮಂದಿ?" ಎಂದು ಗೆಳೆಯ ಕೆಣಕಿದ. "ಫೈನಲ್‌ನಲ್ಲಿ ಮಯಂಕ್ ಅಗರ್ವಾಲ್ ಇದ್ದರಲ್ಲ" ಎಂದು ಅವಳು ಬಿಡಲಿಲ್ಲ. "ಅದೂ ಅಲ್ಲದೆ ಗಂಡಸರಿಗಿಂತ ಮೊದಲು ಕಪ್ ತಂದದ್ದು ಹುಡುಗಿಯರು, 2024ರಲ್ಲಿ. ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್. ಅದನ್ನು ನೀವ್ಯಾರೂ ಹೇಳಲೇ ಇಲ್ಲ!" ಮೂವರೂ ಚಹಾದ ಲೋಟ ನೋಡುತ್ತಾ ಕುಳಿತೆವು.

ನಾನು ಗುಮಾಸ್ತನ ಬುದ್ಧಿ ಬಿಡದೆ ಅವಳಿಗೊಂದು ಲೆಕ್ಕ ತೋರಿಸಿದೆ. ಅಹಮದಾಬಾದಿನಲ್ಲಿ ಕೊನೆಯ ಓವರಿಗೆ ಪಂಜಾಬಿಗೆ 29 ರನ್ ಬೇಕಿತ್ತು. ಹೇಝಲ್‌ವುಡ್ ಮೊದಲ ಎರಡು ಚೆಂಡಿಗೆ ಒಂದು ರನ್ನೂ ಕೊಡಲಿಲ್ಲ. ಉಳಿದ ನಾಲ್ಕು ಚೆಂಡಿಗೂ ಸಿಕ್ಸರ್ ಹೊಡೆದರೆ 24. ನೋಬಾಲ್, ವೈಡ್ ಆಗದಿದ್ದರೆ ಪಂದ್ಯ ಅಲ್ಲಿಗೇ ಮುಗಿದಿತ್ತು. ಶಶಾಂಕ್ ಸಿಂಗ್ ಆಮೇಲೆ ಹೊಡೆದದ್ದು ಅಂತರವನ್ನು ಆರಕ್ಕೆ ಇಳಿಸಿತು, ಅಷ್ಟೇ. ಮೈಸೂರಿನ ಆರು ಹಾಗಲ್ಲ. ಅಲ್ಲಿ ಕೊನೆಯ ವಿಕೆಟ್ ಬೀಳುವ ತನಕ ಎರಡೂ ಕಡೆಯವರಿಗೆ ಆಸೆ ಇತ್ತು. ಪುಸ್ತಕದಲ್ಲಿ ಎರಡೂ ಒಂದೇ ಆರು. ಎದೆಗೆ ಬೇರೆ ಬೇರೆ.

"ಹಾಗಾದರೆ ಮೈಸೂರೇ ದೊಡ್ಡದಾ ಅಜ್ಜಾ?" ಎಂದಳು.

ಹೌದು ಎನ್ನಬೇಕೆಂದಿದ್ದೆ. ಆದರೆ ಆ ಫೈನಲ್‌ನ ಮರುದಿನ ನೆನಪಾಯಿತು.

ಮಗಳ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಜೂನ್ 4ರ ಮಧ್ಯಾಹ್ನ ಕೆಂಪು ಅಂಗಿ ತೊಟ್ಟ ಫೋಟೊ ಕಳಿಸಿ, "ಅಜ್ಜಾ, ಕಪ್ ನೋಡಲು ಹೊರಟೆ" ಎಂದು ಬರೆದಿದ್ದ. ಸಂಜೆ ಟಿವಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ ಎಂದು ಬಂತು. ಅವನ ಫೋನ್ ಸ್ವಿಚ್ ಆಫ್. ಭಟ್ಕಳದಿಂದ ಗೆಳೆಯ ಕೇಳಿದ, ಕುಮಟೆಯಿಂದ ಮಾಸ್ತರರು ಕೇಳಿದರು. ಇಬ್ಬರಿಗೂ ಗೊತ್ತಿಲ್ಲ ಎಂದೆ. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಅಲ್ಲಿಯೇ ಕುಳಿತಳು. ಎಂಟೂವರೆಗೆ ಫೋನ್ ಬಂತು. ಜನ ನೋಡಿ ದೂರದಿಂದಲೇ ಹಿಂದಿರುಗಿದ್ದನಂತೆ, ದಾರಿಯಲ್ಲಿ ಚಾರ್ಜ್ ಮುಗಿದಿತ್ತಂತೆ. ನಾನು ಬೈಯಲೂ ಇಲ್ಲ, "ಊಟ ಮಾಡಿದೆಯಾ?" ಎಂದಷ್ಟೇ ಕೇಳಿದೆ.

ನಮ್ಮ ಮನೆಯ ಲೆಕ್ಕ ಆ ರಾತ್ರಿ ತಾಳೆಯಾಯಿತು. ಹನ್ನೊಂದು ಮನೆಗಳದ್ದು ಆಗಲಿಲ್ಲ. ಅವರೂ ನಮ್ಮ ಹಾಗೆ ಬರೀ ಸಂತೋಷಪಡಲು ಹೊರಟವರು.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಜಗಲಿಯಲ್ಲಿ ಜಗಳ ತಣ್ಣಗಾಗಿತ್ತು. ಭಟ್ಕಳದ ಗೆಳೆಯ, "ನಮಗೆ ಆ ಎರಡೂವರೆ ತಾಸಿನ ಮುಂದೆ ಯಾವ ಫೈನಲ್ಲೂ ಇಲ್ಲ, ಬಿಡು" ಎಂದ. ಮಾಸ್ತರರೂ ತಲೆಯಾಡಿಸಿದರು.

ಮಕ್ಕಳೇ, ನಿಮ್ಮ ತಂಡ ಗೆಲ್ಲಲಿ, ಕೂಗಿ, ಕುಣಿಯಿರಿ. ಸೋತರೆ ಒಂದು ಹೊತ್ತು ಮುಖ ಊದಿಸಿಕೊಳ್ಳಿ, ಪರವಾಗಿಲ್ಲ. ಮೈಸೂರಿನ ಆರು ರನ್ ಹದಿನೈದು ವರ್ಷದ ಮೇಲೆ ಹೇಗೋ ನಮ್ಮ ಕಡೆಗೆ ಜಮೆಯಾಯಿತಲ್ಲ! ಆದರೆ ಗುಂಪು ದಟ್ಟವಾದಾಗ ತಿರುಗಿ ಮನೆಗೆ ಬನ್ನಿ, ಫೋನಿನಲ್ಲಿ ಚಾರ್ಜ್ ಇಟ್ಟುಕೊಳ್ಳಿ. ಮನೆಯಲ್ಲಿ ಕಾಯುವವರಿಗೆ ನಡುವೆ ಸ್ಕೋರ್ ಹೇಳುವವರು ಯಾರೂ ಇರುವುದಿಲ್ಲ.

ಹೊರಡುವಾಗ ಮಾಸ್ತರರು ಚೀಲದಿಂದ ಕುಮಟೆ ಈರುಳ್ಳಿಯ ಒಂದು ಗೊಂಚಲು ತೆಗೆದು ಮೊಮ್ಮಗಳ ಕೈಗಿತ್ತರು. ವಾದದಲ್ಲಿ ಸೋತವರು ಕೊಡಬೇಕೆಂಬುದು ನಮ್ಮ ಹಳೆಯ ಪಂಥ. ಮೂವರಲ್ಲಿ ಯಾರು ಸೋತರೆಂದು ಯಾರೂ ಕೇಳಲಿಲ್ಲ.