ಫ್ಯೂಯೆಲ್ ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಹಾಕಿದರೆ ಟ್ರಕ್ ಸುಧಾರಿಸುತ್ತದೆಯೇ?

ಕಂಪ್ಯೂಟರ್ ಬೇಡ, ಸೆನ್ಸರ್ ಬೇಡ, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಗಾಡಿ ಜೀವನಪೂರ್ತಿ ಓಡುತ್ತದೆ, ಮೈಲೇಜೂ ಹೆಚ್ಚು. ಅಮೆರಿಕದ ಹಳೆಯ ಪಿಕಪ್ ಟ್ರಕ್‌ಗಳ ಫ್ಯೂಯೆಲ್ ಇಂಜೆಕ್ಷನ್ ಕಿತ್ತುಹಾಕಿ ಕಾರ್ಬುರೇಟರ್ ಕೂರಿಸುವ ವಿಡಿಯೋಗಳ ಸಾರ ಇಷ್ಟು. ನೋಡಿದವರಿಗೆ "ಹೌದಲ್ಲ, ಹಳೇದೇ ಚೆನ್ನಾಗಿತ್ತು" ಅನ್ನಿಸುವುದು ಸಹಜ. ಆದರೆ ಇಂಥದ್ದನ್ನು ನಂಬಿ ಸ್ಪ್ಯಾನರ್ ಕೈಗೆತ್ತಿಕೊಂಡರೆ ಗೇರ್‌ಬಾಕ್ಸ್ ಸುಟ್ಟುಹೋಗಬಹುದು, ಕೆಲವೊಮ್ಮೆ ಗಾಡಿಗೇ ಬೆಂಕಿ ಹತ್ತಬಹುದು. ಹಾಗಾಗಿ ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡೋಣ.

ಎರಡೂ ಮಾಡುವ ಕೆಲಸ ಒಂದೇ

ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕದಲ್ಲಿ ಬೆರೆಸಿ ಎಂಜಿನ್‌ಗೆ ಕಳಿಸುವುದೇ ಕಾರ್ಬುರೇಟರ್‌ನ ಕೆಲಸ, ಇಂಜೆಕ್ಷನ್‌ನ ಕೆಲಸವೂ ಅದೇ.

ಸೊಳ್ಳೆ ಔಷಧಿ ಹೊಡೆಯುವ ಹಳೆಯ ಕೈಪಂಪು ನೆನಪಿದೆಯೇ? ಗಾಳಿ ರಭಸವಾಗಿ ಹಾದುಹೋದಾಗ ಕೆಳಗಿನ ಡಬ್ಬಿಯ ಔಷಧಿ ಮೇಲೆದ್ದು ತುಂತುರಾಗುತ್ತದೆ. ಕಾರ್ಬುರೇಟರ್ ಕೆಲಸ ಮಾಡುವುದೂ ಹೀಗೆಯೇ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಕೊಳವೆಯಲ್ಲಿ ವೇಗವಾಗಿ ಸಾಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಪಕ್ಕದ ಬಟ್ಟಲಿನ ಪೆಟ್ರೋಲ್ ಸಣ್ಣ ರಂಧ್ರದ ಮೂಲಕ ಚಿಮ್ಮುತ್ತದೆ. ಆ ರಂಧ್ರಕ್ಕೆ ಜೆಟ್ ಎಂದು ಹೆಸರು. ಅದರ ಅಳತೆ ಕೂರಿಸುವಾಗಲೇ ನಿಗದಿ. ಆಮೇಲೆ ಚಳಿಯೋ ಬಿಸಿಲೋ ಬೆಟ್ಟವೋ ಬಯಲೋ, ಅದಕ್ಕೆ ಗೊತ್ತಾಗುವುದಿಲ್ಲ.

ಇಂಜೆಕ್ಷನ್‌ನಲ್ಲಿ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ತಂದುಕೊಡುತ್ತದೆ. ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರ್‌ಗಳು ಹೇಳುತ್ತವೆ. ಕಂಪ್ಯೂಟರ್ ಅದನ್ನು ನೋಡಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ.

ಹಾಗಿದ್ದರೂ ಯಾಕೆ ಬದಲಾಯಿಸುತ್ತಾರೆ?

ಕಾರಣಗಳು ಇಲ್ಲದಿಲ್ಲ. ಜನರಲ್ ಮೋಟರ್ಸ್ 1987ರಿಂದ ತನ್ನ ದೊಡ್ಡ ಪಿಕಪ್‌ಗಳಿಗೆ 'ಥ್ರಾಟಲ್ ಬಾಡಿ ಇಂಜೆಕ್ಷನ್' ಕೂರಿಸಿತು. ಅದು ಕಾರ್ಬುರೇಟರ್ ಇದ್ದ ಜಾಗದಲ್ಲೇ, ಏರ್ ಫಿಲ್ಟರ್ ಕೆಳಗೇ ಕೂರುತ್ತದೆ, ನೋಡಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದಕ್ಕೇ "ಇದನ್ನು ಬಿಚ್ಚಿ ಅದನ್ನು ಕೂರಿಸಿದರಾಯಿತು" ಎಂಬ ಭ್ರಮೆ.

ಇಷ್ಟು ವರ್ಷ ಆದಮೇಲೆ ವೈರಿಂಗ್ ಇಲಿ ಕಡಿದಿರುತ್ತದೆ, ಕಂಪ್ಯೂಟರ್ ಕೆಟ್ಟಿರುತ್ತದೆ, ಹಳ್ಳಿಗಾಡಿನಲ್ಲಿ ಭಾಗ ಸಿಗುವುದಿಲ್ಲ. ಕಾರ್ಬುರೇಟರನ್ನು ಹೊಲದ ಅಂಚಿನಲ್ಲೇ ಬಿಚ್ಚಿ ತೊಳೆದು ಹಾಕಬಹುದು. ರೇಸಿನವರಿಗೆ ಪೂರ್ತಿ ಥ್ರಾಟಲ್‌ನಲ್ಲಿ ಸಿಗುವ ಶಕ್ತಿ ಮುಖ್ಯ, ಅದನ್ನು ಚೆನ್ನಾಗಿ ಟ್ಯೂನ್ ಮಾಡಿದ ಕಾರ್ಬುರೇಟರೂ ಕೊಡುತ್ತದೆ. ಅಮೆರಿಕದ ನ್ಯಾಸ್‌ಕಾರ್ ಕಪ್ ರೇಸುಗಳು 2012ರವರೆಗೆ ಕಾರ್ಬುರೇಟರ್ ಬಿಟ್ಟಿರಲಿಲ್ಲ.

ವಿಡಿಯೋ ತೋರಿಸದ ತೊಡಕುಗಳು

ಮೊದಲನೆಯದು ಒತ್ತಡ. ಕಾರ್ಬುರೇಟರ್‌ಗೆ ಬೇಕಾದ ಪೆಟ್ರೋಲ್ ಒತ್ತಡ ಸುಮಾರು 5ರಿಂದ 7 ಪಿಎಸ್‌ಐ. ಹಳೆಯ ಥ್ರಾಟಲ್ ಬಾಡಿ ಟ್ರಕ್‌ನಲ್ಲಿ ಇದು 9ರಿಂದ 13, ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ ಫೋರ್ಡ್ ಪಿಕಪ್‌ಗಳಲ್ಲಿ 35ರ ಆಸುಪಾಸು ಅಥವಾ ಇನ್ನೂ ಹೆಚ್ಚು. ಫ್ಲಶ್ ಟ್ಯಾಂಕಿನಲ್ಲಿ ತೇಲುಗುಂಡು ಮೇಲೆದ್ದು ನೀರು ನಿಲ್ಲಿಸುತ್ತದಲ್ಲ, ಕಾರ್ಬುರೇಟರ್ ಬಟ್ಟಲಿನಲ್ಲೂ ಅಂಥದ್ದೇ ಪುಟ್ಟ ಏರ್ಪಾಡಿದೆ. ಅಷ್ಟು ಒತ್ತಡವನ್ನು ಅದು ತಡೆಯಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಆದ್ದರಿಂದ ಪಂಪು ಬದಲಿಸಬೇಕು, ಇಲ್ಲವೇ ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪನ್ನು ಉಳಿಸಿಕೊಳ್ಳಬೇಕು.

ಇನ್ನೊಂದು ಅಪಾಯವೂ ಇದೆ. ಎಂಜಿನ್ ನಿಂತರೆ ಕಂಪ್ಯೂಟರ್ ಪಂಪನ್ನೂ ನಿಲ್ಲಿಸುತ್ತದೆ. ಕಂಪ್ಯೂಟರ್ ತೆಗೆದು ಪಂಪಿನ ವೈರನ್ನು ನೇರ ಕೀಲಿಗೆ ಜೋಡಿಸಿದರೆ, ಅಪಘಾತದಲ್ಲಿ ಎಂಜಿನ್ ನಿಂತು ಪೈಪ್ ಹರಿದರೂ ಪಂಪು ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಬಲ್ಲ ಮೆಕ್ಯಾನಿಕ್‌ಗಳು ಎಂಜಿನ್ ಆಯಿಲ್ ಒತ್ತಡ ಇಳಿದ ಕೂಡಲೇ ಪಂಪ್ ನಿಲ್ಲಿಸುವ ಸ್ವಿಚ್ ಹಾಕುತ್ತಾರೆ. ಎರಡು ನಿಮಿಷದ ವಿಡಿಯೋದಲ್ಲಿ ಈ ಸ್ವಿಚ್ಚಿಗೆ ಜಾಗ ಇರುವುದಿಲ್ಲ.

ಎರಡನೆಯದು ಕಿಡಿ. ಸ್ಪಾರ್ಕ್ ಪ್ಲಗ್ ಯಾವಾಗ ಕಿಡಿ ಹಾರಿಸಬೇಕು ಎನ್ನುವುದನ್ನೂ ಅದೇ ಕಂಪ್ಯೂಟರ್ ನಿರ್ಧರಿಸುತ್ತದೆ. ಅದನ್ನು ತೆಗೆದರೆ, ವೇಗಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಹಳೆಯ ಮಾದರಿಯ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರಿಬ್ಯೂಟರೇ ಇಲ್ಲದ ಹೊಸ ಎಂಜಿನ್‌ಗಳಿಗೆ ಕಿಡಿ ನಿಯಂತ್ರಿಸಲು ಬೇರೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು. ಅಂದರೆ ಕಂಪ್ಯೂಟರ್ ಬೇಡವೆಂದು ಹೊರಟವರು ಇನ್ನೊಂದು ಕಂಪ್ಯೂಟರ್ ಕೊಳ್ಳಬೇಕು!

ಮೂರನೆಯದು ಗೇರ್‌ಬಾಕ್ಸ್, ಜೇಬಿಗೆ ದೊಡ್ಡ ಹೊಡೆತ ಬೀಳುವುದು ಇಲ್ಲೇ. ಜನರಲ್ ಮೋಟರ್ಸ್‌ನ 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸಿನಿಂದ ಥ್ರಾಟಲ್‌ಗೆ ಒಂದು ಕೇಬಲ್ ಹೋಗುತ್ತದೆ. ಅದನ್ನು 'ಟಿವಿ ಕೇಬಲ್' ಎನ್ನುತ್ತಾರೆ. ಟೆಲಿವಿಷನ್‌ಗೂ ಅದಕ್ಕೂ ಸಂಬಂಧವಿಲ್ಲ, ಅದು ಥ್ರಾಟಲ್ ವಾಲ್ವ್ ಎಂಬುದರ ಚುಟುಕು. ಹೊಸ ಕಾರ್ಬುರೇಟರ್‌ಗೆ ಅದನ್ನು ಸರಿಯಾದ ಕೋನದಲ್ಲಿ ಜೋಡಿಸದಿದ್ದರೆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಒತ್ತಡ ಸಾಲದೆ ಕ್ಲಚ್‌ಗಳು ಜಾರಿ ಬೇಗನೆ ಸುಟ್ಟುಹೋಗುತ್ತವೆ. 1993ರಿಂದ ಬಂದ 4ಎಲ್60ಇ ಗೇರ್‌ಬಾಕ್ಸನ್ನು ಕಂಪ್ಯೂಟರೇ ನಡೆಸುತ್ತದೆ. ಕಂಪ್ಯೂಟರ್ ತೆಗೆದರೆ ಅದಕ್ಕೂ ಪ್ರತ್ಯೇಕ ನಿಯಂತ್ರಕ ಬೇಕು.

ಮ್ಯಾನಿಫೋಲ್ಡ್ ಸಹ ಸುಮ್ಮನೆ ಹೊಂದುವುದಿಲ್ಲ. ಬೋಲ್ಟ್ ರಂಧ್ರಗಳ ಜಾಗವೇ ಬೇರೆ, ಹೊಸದನ್ನು ಕೊಳ್ಳಬೇಕು, ಇಲ್ಲವೇ ನಡುವೆ ಅಡಾಪ್ಟರ್ ಹಾಕಬೇಕು.

ಮೈಲೇಜ್ ಹೆಚ್ಚುತ್ತದೆಯೇ?

ಸುಸ್ಥಿತಿಯಲ್ಲಿರುವ ಇಂಜೆಕ್ಷನ್ ತೆಗೆದು ಕಾರ್ಬುರೇಟರ್ ಹಾಕಿದರೆ ದಿನನಿತ್ಯದ ಓಡಾಟದಲ್ಲಿ ಮೈಲೇಜ್ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು. ಸೆನ್ಸರ್ ಕೆಟ್ಟು ಪೆಟ್ರೋಲ್ ಕುಡಿಯುತ್ತಿದ್ದ ಗಾಡಿಗೆ ಕಾರ್ಬುರೇಟರ್ ಹಾಕಿದಾಗ ಸುಧಾರಿಸಿದಂತೆ ಕಾಣಬಹುದು. ಆದರೆ ಸೆನ್ಸರ್ ಬದಲಿಸಿದ್ದರೂ ಅಷ್ಟೇ ಸುಧಾರಣೆ ಕಡಿಮೆ ಖರ್ಚಿನಲ್ಲಿ ಸಿಗುತ್ತಿತ್ತು.

ಸಮುದ್ರಮಟ್ಟದಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರನ್ನು ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ಗೆ ಒಯ್ದರೆ, ಅಲ್ಲಿನ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರಬಹುದು. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಎಂಜಿನ್ ಸವೆಸುತ್ತದೆ, ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಹೆಚ್ಚು. ಮುಚ್ಚಿದ ಗ್ಯಾರೇಜಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಪೆಟ್ರೋಲಿಗೆ ಎಥನಾಲ್ ಬೆರೆಸಿದಾಗಲೂ ಬೇಕಾದ ಗಾಳಿಯ ಲೆಕ್ಕ ಬದಲಾಗುತ್ತದೆ. ಇಂಜೆಕ್ಷನ್ ಒಂದು ಮಿತಿಯವರೆಗೆ ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬುರೇಟರ್‌ಗೆ ಜೆಟ್ ಬದಲಿಸಬೇಕು.

ಕುತೂಹಲದ ಸಂಗತಿ ಎಂದರೆ, ಅಮೆರಿಕದ ಮಾರುಕಟ್ಟೆಯಲ್ಲಿ ಈಗ ಹಳೆಯ ಕಾರ್ಬುರೇಟರ್ ಗಾಡಿಗಳನ್ನು ಇಂಜೆಕ್ಷನ್‌ಗೆ ಬದಲಿಸುವ ಕಿಟ್‌ಗಳು ಸಿಗುತ್ತವೆ. ಅವನ್ನು ಮಾರುವವರಲ್ಲಿ ಕಾರ್ಬುರೇಟರ್‌ಗೆ ಹೆಸರಾದ ಹಾಲಿ ಕಂಪನಿಯೂ ಇದೆ.

ನಮ್ಮ ಲಾರಿಗೆ ಹಾಕಬಹುದೇ?

ಡೀಸೆಲ್ ಲಾರಿಗೆ ಸಾಧ್ಯವೇ ಇಲ್ಲ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಬರೀ ಗಾಳಿಯನ್ನು ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಲಾರಿಗಳಲ್ಲೂ ಇದ್ದದ್ದು ಮೆಕ್ಯಾನಿಕಲ್ ಇಂಜೆಕ್ಷನ್ ಪಂಪೇ ಹೊರತು ಕಾರ್ಬುರೇಟರ್ ಅಲ್ಲ. ಇನ್ನು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದಿಂದಾಗಿ ನಮ್ಮ ಬಹುತೇಕ ಬೈಕುಗಳೂ ಇಂಜೆಕ್ಷನ್‌ಗೆ ಬದಲಾದವು. ಅವಕ್ಕೆ ಮತ್ತೆ ಕಾರ್ಬುರೇಟರ್ ಹಾಕುವುದು ಹೊಗೆಯ ಮಿತಿಯನ್ನು ಮುರಿದಂತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು.

ಅಮೆರಿಕದಲ್ಲೂ ರಸ್ತೆಗಿಳಿಯುವ ಗಾಡಿಯ ಮಾಲಿನ್ಯ ನಿಯಂತ್ರಣ ಭಾಗಗಳನ್ನು ಕಿತ್ತುಹಾಕುವುದು ಅಲ್ಲಿನ ಶುದ್ಧ ಗಾಳಿ ಕಾಯ್ದೆಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚೆಗಿನ ಪೆಟ್ರೋಲ್ ಗಾಡಿಗಳು ಹೊಗೆ ತಪಾಸಣೆಗೆ ಒಳಪಡುತ್ತವೆ. ಅಲ್ಲಿ ಹಳೆಯ ಪಿಕಪ್ ಕೊಳ್ಳಲು ಹೊರಟ ಕನ್ನಡಿಗರು ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು?

ಮೊದಲು ರೋಗ ಪತ್ತೆ ಮಾಡಿ. 1996ರಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಕಾರು, ಪಿಕಪ್‌ಗಳಲ್ಲಿ ಒಂದು ಸಣ್ಣ ಸ್ಕ್ಯಾನರ್ ಚುಚ್ಚಿದರೆ ದೋಷದ ಕೋಡ್ ಸಿಗುತ್ತದೆ. ಅದಕ್ಕಿಂತ ಹಳೆಯ ಷೆವರ್ಲೆ ಪಿಕಪ್‌ಗಳಲ್ಲಂತೂ ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ನ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿದರೆ ಎಚ್ಚರಿಕೆಯ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ತಪ್ಪು ಹಲವು ಬಾರಿ ಒಂದು ಸೆನ್ಸರ್‌ನದ್ದೋ, ಕಟ್ಟಿಕೊಂಡ ಫಿಲ್ಟರ್‌ನದ್ದೋ, ಬಿರುಕುಬಿಟ್ಟ ರಬ್ಬರ್ ಪೈಪಿನದ್ದೋ ಆಗಿರುತ್ತದೆ.

ಒಟ್ಟಿನಲ್ಲಿ, ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಹಾಕಬಹುದು ಎನ್ನುವುದು ನಿಜ. ರೇಸ್ ಟ್ರ್ಯಾಕ್‌ನ ಗಾಡಿಗೆ, ಹೊಲದಲ್ಲಷ್ಟೇ ಓಡುವ ಹಳೆಯ ಟ್ರಕ್‌ಗೆ, ಬಲ್ಲವರ ಕೈಯಲ್ಲಿ ಅದಕ್ಕೆ ಅರ್ಥವೂ ಇದೆ. ಸುಲಭ, ಅಗ್ಗ, ಮೈಲೇಜ್ ಹೆಚ್ಚು ಎನ್ನುವುದು ಮಾತ್ರ ಸುಳ್ಳು. ಅಂಥ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಪೆಟ್ರೋಲ್ ಒತ್ತಡದ ಬಗ್ಗೆ, ಗೇರ್‌ಬಾಕ್ಸ್ ಬಗ್ಗೆ ಅದರಲ್ಲಿ ಒಂದು ಮಾತಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.