ಎಳೆಯ ಕಿವಿಯ ಗಾಯವೂ ನಮ್ಮ ಅಹಿಂಸೆಯೂ

ನೀರನ್ನು ಸೋಸದೆ ಕುಡಿಯದ, ಸೂರ್ಯಾಸ್ತದ ಮೇಲೆ ಉಣ್ಣದ ಮನೆಗಳಲ್ಲಿಯೂ ಹಸುಗೂಸಿನ ಕಿವಿ ಚುಚ್ಚಿಸುವಾಗ ಅಹಿಂಸೆಯ ವಿಚಾರ ಏಕೆ ಏಳುವುದಿಲ್ಲ? ಮುಹೂರ್ತ ನೋಡುತ್ತೇವೆ, ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತೇವೆ. ಆದರೆ ಆ ಹಸಿಗಾಯದೊಳಗೆ ವಾರಗಟ್ಟಲೆ ಇರಬೇಕಾದ ಒಡವೆ ಯಾವ ಲೋಹದ್ದೆಂದು ಕೇಳುವವರು ವಿರಳ. ಕೇಳಿದವರಿಗೆ ದೊರೆಯುವ ಉತ್ತರ ಒಂದೇ: "ಇಷ್ಟಕ್ಕೆಲ್ಲ ಹಿಂಸೆ ಎಂದರೆ ಸಂಸಾರ ನಡೆಸುವುದು ಹೇಗೆ?"

ಈ ಉತ್ತರ ಸಲ್ಲದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನೂ ಸೇರಿಸಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಛೇದವೂ ಒಂದು. ಮಂಗಳಭಾವದಿಂದ ಕಿವಿ ಚುಚ್ಚಿಸುವ ತಾಯಿತಂದೆಯರ ಮೇಲೆ ಆ ಅತಿಚಾರವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ತಪ್ಪಿಸಬಹುದಾದ ನೋವನ್ನು ತಪ್ಪಿಸದಿರುವುದು ಪ್ರಮಾದವಲ್ಲದೆ ಮತ್ತೇನು?

ಆ ನೋವಿನ ಒಂದು ಮುಖ್ಯ ಮೂಲ ನಿಕಲ್. ಅಗ್ಗದ ರೋಲ್ಡ್ ಗೋಲ್ಡ್ ಓಲೆಗಳ ಹೊಳಪಿನ ಕೆಳಗೆ ಈ ಲೋಹ ಅಡಗಿರುವುದುಂಟು. ಲೇಪ ಸವೆದಂತೆ ಅದು ಬೆವರಿನಲ್ಲಿ ಕರಗಿ ಚರ್ಮವನ್ನು ಸೇರುತ್ತದೆ. ಕೆಲವರಿಗೆ ತುರಿಕೆ, ಬಾವು, ನೀರೊಸರುವಿಕೆ ಉಂಟಾಗುತ್ತವೆ. ಒಮ್ಮೆ ಒಗ್ಗದಾದ ನಿಕಲ್ ಸಾಮಾನ್ಯವಾಗಿ ಜೀವನಪರ್ಯಂತ ಒಗ್ಗುವುದಿಲ್ಲ. ಮುಂದೆ ಗಡಿಯಾರದ ಪಟ್ಟಿಯೂ ಬಾಧಿಸುತ್ತದೆ. ಐರೋಪ್ಯ ಒಕ್ಕೂಟವು 1994ರಲ್ಲಿಯೇ ಒಡವೆಗಳ ನಿಕಲ್‌ಗೆ ಮಿತಿ ಹಾಕಿತು. 2004ರ ತಿದ್ದುಪಡಿಯಂತೆ, ಚುಚ್ಚಿದ ರಂಧ್ರದಲ್ಲಿ ತೊಡಿಸುವ ಭಾಗದಿಂದ ಹೊರಬರುವ ನಿಕಲ್ ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೋಗ್ರಾಮಿಗಿಂತ ಕಡಿಮೆಯಿರಬೇಕು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ನಾವು ಅಂಗಡಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ!

"ನಾವು ಚಿನ್ನವನ್ನೇ ಹಾಕಿಸುತ್ತೇವೆ" ಎನ್ನುವವರುಂಟು. ಒಳ್ಳೆಯದು. 916 ಮುದ್ರೆಯ ಚಿನ್ನದ 1000 ಭಾಗಗಳಲ್ಲಿ 916 ಭಾಗ ಶುದ್ಧ ಚಿನ್ನ. ಉಳಿದುದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಬಿಳಿ ಚಿನ್ನದಲ್ಲಾದರೋ ನಿಕಲ್ ಇರಬಹುದು. ಅದಿರಲಿ, ಎಳೆಯ ಹಾಲೆಯನ್ನು ಜಗ್ಗುವ ಭಾರದ ಜುಮುಕಿ ಮಗುವಿನ ಅಲಂಕಾರವಲ್ಲ, ಹಿರಿಯರ ಮಾನಕಷಾಯದ ಪ್ರದರ್ಶನ. ಅಗ್ಗದ ಓಲೆಯಲ್ಲಿ ಲೋಭವಿದ್ದರೆ ಇಲ್ಲಿ ಮಾನವಿದೆ. ನೋಯುವ ಕಿವಿ ಮಾತ್ರ ಒಂದೇ.

ಚಿನ್ನ ಕೊಳ್ಳಲಾಗದವರಿಗೂ ನಿಕಲ್ ಒಗ್ಗದವರಿಗೂ ಬೇರೆ ದಾರಿಗಳಿವೆ. ದೇಹದೊಳಗೆ ಅಳವಡಿಸುವ ದರ್ಜೆಯ ಟೈಟೇನಿಯಂ ಒಂದು. ವೈದ್ಯಕೀಯ ದರ್ಜೆಯ, ಬಾಗುವ ಪ್ಲಾಸ್ಟಿಕ್ ಕಡ್ಡಿ ಇನ್ನೊಂದು. ಇದು ಹಗುರ, ನಿಕಲ್ ಇಲ್ಲ. "ಛೇ, ನಮ್ಮ ಮಗುವಿಗೆ ಪ್ಲಾಸ್ಟಿಕ್ಕೇ?" ಎಂದು ಮೂಗು ಮುರಿಯುವವರು, ರಂಧ್ರ ಮುಚ್ಚದಂತೆ ಬೇವಿನ ಕಡ್ಡಿ ಇಡುತ್ತಿದ್ದ ಅಜ್ಜಿಯರನ್ನು ನೆನೆಯಲಿ. ಆ ಕಡ್ಡಿಗೆ ಯಾವ ಬೆಲೆಯಿತ್ತು? ಹಾಗೆಂದು ಬಣ್ಣಬಣ್ಣದ ಅಕ್ರಿಲಿಕ್ ಓಲೆ ಹಸಿಗಾಯಕ್ಕೆ ಸಲ್ಲದು. ಅಧಿಕ ಒತ್ತಡದ ಹಬೆಯಲ್ಲಿ ಅದನ್ನು ಶುದ್ಧಗೊಳಿಸಲಾಗದು. ಸರ್ಜಿಕಲ್ ಸ್ಟೀಲ್ ಎಂಬ ಹೆಸರಿಗೂ ಮರುಳಾಗಬಾರದು. ಅದು ಹಲವರಿಗೆ ಒಗ್ಗುತ್ತದೆಯಾದರೂ ಅದರಲ್ಲಿ ನಿಕಲ್ ಇದ್ದೇ ಇರುತ್ತದೆ.

ಹುಬ್ಬು, ಹೊಕ್ಕುಳು ಚುಚ್ಚಿಸಿಕೊಳ್ಳುವ ತರುಣರನ್ನು ನಾವು ಹಳಿಯುತ್ತೇವೆ. ಅವರಾದರೋ ಸ್ವೇಚ್ಛೆಯಿಂದ ತಮ್ಮ ಮೈಯನ್ನು ಒಡ್ಡಿದವರು. ತೊಡೆಯ ಮೇಲೆ ಅದುಮಿ ಹಿಡಿದ ಕೂಸಿಗೆ ಬೇಡವೆನ್ನುವ ಮಾತೇ ಇಲ್ಲ. ಆದುದರಿಂದಲೇ ನಮ್ಮ ಹೊಣೆ ಹೆಚ್ಚು.

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಕಿವಿಯಲ್ಲಿ ಒಡವೆಯಿಲ್ಲ. ಗೃಹಸ್ಥರಾದ ನಮಗೆ ಆ ತ್ಯಾಗ ಸಾಧ್ಯವಾಗದಿರಬಹುದು. ಆದರೆ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಲೋಹ ಯಾವುದೆಂದು ಕೇಳುವ ಎಚ್ಚರವಾದರೂ ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಗೆ ಸಾಧ್ಯ. ಆ ಎಚ್ಚರಕ್ಕೇ ಅಪ್ರಮಾದವೆಂದು ಹೆಸರು.